ಹಿತ್ತಿಲಲ್ಲೊಂದು ಕೊಳ, ಅದರ ದಂಡೆಯಲ್ಲಿ ನನ್ನ ಸಂಜೆಗಳು

ಸಾಗರ ಸೀಮೆಯಲ್ಲಿ ಹಿತ್ತಿಲಿನಲ್ಲಿ ಹೊಂಡ ತೋಡಿಸುವವರಿಗೆಲ್ಲ ಹೇಳಿಕೊಳ್ಳಲು ಒಂದು ಕಾರಣ ಇದ್ದೇ ಇರುತ್ತದೆ. ಅಡಿಕೆ ತೋಟಕ್ಕೆ ಬೇಸಿಗೆಯಲ್ಲಿ ನೀರು ಸಾಲದವರು ಕೃಷಿಹೊಂಡ ಮಾಡಿಸುತ್ತಾರೆ. ಬಾವಿ ಬೇಗ ಬತ್ತುತ್ತದೆ ಎನ್ನುವವರು ಇಂಗುಗುಂಡಿ ತೆಗೆಸುತ್ತಾರೆ. ಬ್ಯಾಂಕಿನ ಕೆಲಸದಿಂದ ನಿವೃತ್ತಳಾಗಿ ಶಿವಮೊಗ್ಗದಿಂದ ಊರಿನ ಮನೆಗೆ ಮರಳಿದ ನಾನು, ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳುವುದಕ್ಕಾಗಿ ಒಂದು ಕೊಳ ಬೇಕು ಎಂದಾಗ ಅದು ಮನೆಯಲ್ಲಿ ಯಾರಿಗೂ ಕಾರಣವಾಗಿ ಕೇಳಿಸಲಿಲ್ಲ. “ಕೂತ್ಕಳಕ್ಕೆ ಜಗಲಿ ಇಲ್ವನೇ ಮಾರಾಯ್ತಿ?” ಎಂದು ಅತ್ತೆ ಕೇಳಿದರು. ಜಗಲಿಯಲ್ಲಿ ಕುಳಿತರೆ ರಸ್ತೆ ಕಾಣುತ್ತದೆ, ರಸ್ತೆಯಲ್ಲಿ ಹೋಗುವವರು ಕಾಣುತ್ತಾರೆ, ಅವರನ್ನು ಮಾತನಾಡಿಸದೆ ಇರಲಾಗುವುದಿಲ್ಲ, ಮಾತನಾಡಿಸಿದ ಮೇಲೆ ಕವಳದ ತಟ್ಟೆ ಹೊರಗೆ ಬರುತ್ತದೆ, ಚಹಾಕ್ಕೆ ನೀರು ಇಡಬೇಕಾಗುತ್ತದೆ. ಅದೂ ಒಂದು ಸುಖವೇ ಹೌದು. ಆದರೆ ಮೂರು ದಶಕಗಳಿಗೂ ಹೆಚ್ಚು ಕಾಲ ಕೌಂಟರಿನ ಹಿಂದೆ ಕುಳಿತು ಎದುರಿಗೆ ಬಂದವರಿಗೆಲ್ಲ ಉತ್ತರ ಹೇಳಿದ ಮೇಲೆ, ದಿನದಲ್ಲಿ ಸ್ವಲ್ಪ ಹೊತ್ತು ಯಾರಿಗೂ ಉತ್ತರ ಹೇಳಬೇಕಿಲ್ಲದ, ಹಾಗೆಂದು ಕಣ್ಣಿಗೆ ಬೇಸರವೂ ಬಾರದ ಒಂದು ಜಾಗ ನನಗೆ ಬೇಕಾಗಿತ್ತು.

ಅಂಥ ಜಾಗದ ರುಚಿ ನನಗೆ ಹತ್ತಿದ್ದು ಚಂಪಕ ಸರಸಿನಲ್ಲಿ. ಸಾಗರದಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿ ಸಿಗುವ ಆನಂದಪುರದ ಹತ್ತಿರ ಇರುವ ಈ ಕೊಳ ಕೆಳದಿ ಅರಸರ ಕಾಲದ್ದು. ವೆಂಕಟಪ್ಪ ನಾಯಕನು ಚಂಪಕ ಎಂಬ ಹುಡುಗಿಯ ನೆನಪಿಗಾಗಿ ಕಟ್ಟಿಸಿದನೆಂದು ಜನ ಕಥೆ ಹೇಳುತ್ತಾರೆ. ಸುತ್ತ ಮೆಟ್ಟಿಲು, ನಡುವೆ ಒಂದು ಪುಟ್ಟ ಗುಡಿ, ಇಷ್ಟೇ. ಕೆಲಸದಲ್ಲಿದ್ದಾಗ ಊರಿಗೆ ಬಂದುಹೋಗುವ ದಾರಿಯಲ್ಲಿ ಅಲ್ಲಿ ಇಳಿದು ಕುಳಿತು ಹೋಗುತ್ತಿದ್ದೆ. ಆ ಮೆಟ್ಟಿಲುಗಳ ಮೇಲೆ ಕುಳಿತಾಗಲೆಲ್ಲ ನನಗೆ ಅನ್ನಿಸಿದ್ದು, ಮನಸ್ಸಿಗೆ ಬಿಡುವು ಸಿಗುವುದು ನೀರಿನ ವಿಸ್ತಾರದಿಂದ ಎನ್ನುವುದಕ್ಕಿಂತ ಅದರ ಸಾಮೀಪ್ಯದಿಂದ ಎಂದು. ಶರಾವತಿಯ ಹಿನ್ನೀರನ್ನು ಹೊಳೆಬಾಗಿಲಿನಲ್ಲಿ ನಿಂತು ನೋಡಿದರೆ ಬೆರಗಾಗುತ್ತದೆ, ಆದರೆ ಅಷ್ಟು ದೊಡ್ಡ ನೀರಿನಲ್ಲಿ ಕಣ್ಣು ಯಾವುದನ್ನೂ ಹಿಡಿದು ನಿಲ್ಲುವುದಿಲ್ಲ. ಪಾದದ ಕೆಳಗೇ ನೀರಿದ್ದರೆ, ಒಂದು ಎಲೆ ತೇಲುವುದನ್ನು, ಒಂದು ಹುಳ ಮುಳುಗಿ ಏಳುವುದನ್ನು ನೋಡುತ್ತ ನೋಡುತ್ತ ಹೊತ್ತು ಸರಿದುಹೋಗುತ್ತದೆ. ಹಿತ್ತಿಲಿನಲ್ಲಿ ನಾನು ಬಯಸಿದ್ದು ಈ ಸಾಮೀಪ್ಯವನ್ನು. ಹಾಗಾಗಿ ಕೊಳದ ಅಳತೆಯನ್ನು 20 ಅಡಿ ಉದ್ದ, 14 ಅಡಿ ಅಗಲಕ್ಕೇ ನಿಲ್ಲಿಸಿದೆ.

ಜಾಗ ಆರಿಸುವುದಕ್ಕೆ ತೋಡುವುದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಹಲಸಿನ ಮರದ ಬುಡ ತಂಪಾಗಿತ್ತು, ಆದರೆ ಅಲ್ಲಿ ತೋಡಿದರೆ ವರ್ಷವಿಡೀ ಎಲೆ ಬಿದ್ದು ಕೊಳೆಯುತ್ತದೆ. ಬೇರೂ ಅಡ್ಡ ಬರುತ್ತದೆ. ಕೊಟ್ಟಿಗೆಯ ಕೆಳಗಿನ ಇಳಿಜಾರಿಗೆ ಗಂಜಲದ ನೀರು ಇಳಿಯುತ್ತದೆ, ಅದು ಸೇರಿದ ಕೊಳದಲ್ಲಿ ಪಾಚಿಯ ಹೊರತು ಬೇರೇನೂ ಬೆಳೆಯುವುದಿಲ್ಲ. ನೈದಿಲೆ ಹೂ ಬಿಡಬೇಕಾದರೆ ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೇಕು, ನನಗೆ ಕುಳಿತುಕೊಳ್ಳಲು ಸಂಜೆಯ ನೆರಳೂ ಬೇಕು. ಕೊನೆಗೆ ಅಡುಗೆಮನೆಯ ಹಿಂಬಾಗಿಲಿನಿಂದ ಹೆಚ್ಚು ದೂರವಿಲ್ಲದ, ಪಶ್ಚಿಮಕ್ಕೆ ಒಂದು ಸಾಲು ಅಡಿಕೆ ಮರಗಳಿರುವ ಜಾಗ ಒಪ್ಪಿಗೆಯಾಯಿತು. ಬಾಗಿಲಿಗೆ ಹತ್ತಿರವಿರಬೇಕೆಂದು ನಾನು ಹಟ ಹಿಡಿದದ್ದು ಸರಿಯೆಂದೇ ಈಗಲೂ ಹೇಳುತ್ತೇನೆ. ತೋಟದ ಮೂಲೆಯಲ್ಲಿ ಕೊಳ ಮಾಡಿಸಿದವರು ಅತಿಥಿಗಳು ಬಂದಾಗ ಮಾತ್ರ ಅಲ್ಲಿಗೆ ಹೋಗುತ್ತಾರೆ. ಕುಕ್ಕರ್ ಇಟ್ಟು ಸೀಟಿ ಆಗುವವರೆಗೆ ಹೋಗಿ ಕೂರುವಂತಿದ್ದರೆ ಮಾತ್ರ ಕೊಳ ದಿನಚರಿಯೊಳಗೆ ಸೇರುತ್ತದೆ.

ಬೇಸಿಗೆಯ ಕೊನೆಯಲ್ಲಿ ತೋಡುವ ಕೆಲಸ ಶುರುವಾಯಿತು. ಜೆಸಿಬಿ ಬರಲು ದಾರಿ ಇರಲಿಲ್ಲ, ಇದ್ದರೂ ನಾನು ಕರೆಸುತ್ತಿರಲಿಲ್ಲ. ಊರಿನಲ್ಲಿ ಬಾವಿ, ಕೆರೆಗಳ ಕೆಲಸ ಮಾಡಿ ಪಳಗಿದ ಒಬ್ಬ ಹಿರಿಯರು ತಮ್ಮ ಮಗನನ್ನೂ ಅಳಿಯನನ್ನೂ ಕರೆದುಕೊಂಡು ಗುದ್ದಲಿ, ಪಿಕಾಸಿ, ಹಾರೆಗಳೊಂದಿಗೆ ಬಂದರು. ಮೇಲಿನ ಎರಡಡಿ ಕೆಂಪು ಮಣ್ಣು ಸಲೀಸಾಗಿ ಎದ್ದಿತು. ಅದರ ಕೆಳಗೆ ಜಂಬಿಟ್ಟಿಗೆ ಸಿಕ್ಕಿತು. ನೆಲದೊಳಗಿರುವಾಗ ಇದು ಮೆದುವಾಗಿಯೇ ಇರುತ್ತದೆ, ಹೊರಗೆ ತೆಗೆದು ಗಾಳಿ ಬಿಸಿಲಿಗೆ ಇಟ್ಟ ಮೇಲೆ ಗಟ್ಟಿಯಾಗುತ್ತದೆ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಗುಣವನ್ನು ಗಮನಿಸಿ, 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸದ ವರದಿಯಲ್ಲಿ ಇದನ್ನು ಲ್ಯಾಟರೈಟ್ ಎಂದು ಕರೆದ. ನಮಗೆ ಅದರ ಉಪಯೋಗ ನೇರವಾಗಿತ್ತು: ಕೊಳದ ಹೊಟ್ಟೆಯಿಂದ ಎದ್ದ ಕಲ್ಲನ್ನೇ ಚಚ್ಚೌಕವಾಗಿ ಕಡಿದು ಬದಿಗಿಟ್ಟರೆ, ಕೊಳ ಮುಗಿಯುವ ಹೊತ್ತಿಗೆ ಮೆಟ್ಟಿಲಿಗೆ ಬೇಕಾದ ಕಲ್ಲು ತಯಾರಾಗಿರುತ್ತಿತ್ತು.

ಆಳವನ್ನು ಮೂರು ಹಂತದಲ್ಲಿ ಮಾಡಿಸಿದೆ. ದಂಡೆಯ ಸುತ್ತ ಒಂದು ಗೇಣು ಆಳದ ಅಂಚು, ಅದರ ಒಳಗೆ ಎರಡಡಿಯ ಇನ್ನೊಂದು ಅಂಚು, ನಡುವೆ ಐದಡಿಯ ಗುಂಡಿ. ಮೊದಲನೆಯ ಅಂಚು ಬಜೆ, ಒಂದೆಲಗಗಳಿಗೆ ಮತ್ತು ನೀರು ಕುಡಿಯಲು ಬರುವ ಹಕ್ಕಿಗಳಿಗೆ, ಎರಡನೆಯದು ನೈದಿಲೆಗೆ, ಮೂರನೆಯದು ಬೇಸಿಗೆಯಲ್ಲಿ ಎಲ್ಲ ಜೀವಗಳೂ ಹೋಗಿ ಅಡಗುವುದಕ್ಕೆ. ಆಳವಿಲ್ಲದ ಅಂಚು ಇದ್ದರೆ ಮಕ್ಕಳು ಕಾಲುಜಾರಿದರೂ ನೇರವಾಗಿ ಆಳಕ್ಕೆ ಇಳಿಯುವುದಿಲ್ಲ, ಬಿದ್ದ ಅಳಿಲು, ಬೆಕ್ಕಿನ ಮರಿಗಳು ಹತ್ತಿ ಹೊರಗೆ ಬರುತ್ತವೆ. ಇಷ್ಟಾದರೂ ಮೊಮ್ಮಕ್ಕಳು ಬಂದಾಗ ದೊಡ್ಡವರೊಬ್ಬರು ಜೊತೆಗಿರಲೇಬೇಕೆಂಬುದು ನಮ್ಮ ಮನೆಯ ನಿಯಮ. ದಂಡೆಯ ಮಟ್ಟವನ್ನು ಗಾರೆಯವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ನೋಡಿದೆವು. ಒಂದು ಬದಿ ಎರಡು ಬೆರಳು ತಗ್ಗಾಗಿದ್ದರೂ ಆ ಬದಿಯಿಂದಲೇ ನೀರು ಹರಿದು ದಂಡೆ ಕೊರೆಯುತ್ತದೆ. ತೋಟದ ಕಡೆಗೆ ಮಾತ್ರ ಬೇಕೆಂದೇ ತಗ್ಗು ಮಾಡಿ, ಕಲ್ಲು ಹಾಸಿ ಕೋಡಿ ಬಿಟ್ಟೆವು.

ಜಂಬಿಟ್ಟಿಗೆಯ ನೆಲದಲ್ಲಿ ನೀರು ನಿಲ್ಲಿಸುವುದೇ ದೊಡ್ಡ ಪ್ರಶ್ನೆ, ಏಕೆಂದರೆ ಆ ಕಲ್ಲಿನ ತುಂಬ ತೂತುಗಳಿರುತ್ತವೆ. ಕೃಷಿಹೊಂಡಗಳಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೇ ಹಾಸಿರೆಂದು ಹಲವರು ಹೇಳಿದರು. ಸಿಮೆಂಟು ಬಳಿಸಿದರೆ ಒಂದೇ ವಾರದ ಕೆಲಸ ಎಂದು ಇನ್ನು ಕೆಲವರು ಹೇಳಿದರು. ಎರಡೂ ನೀರು ನಿಲ್ಲಿಸುವುದು ನಿಜ. ಆದರೆ ಹಾಳೆಯ ಮೇಲೆ ನಿಂತ ನೀರಿಗೂ ಮಣ್ಣಿನ ಮೇಲೆ ನಿಂತ ನೀರಿಗೂ ದಂಡೆಯಲ್ಲಿ ವ್ಯತ್ಯಾಸ ಕಾಣುತ್ತದೆ: ಮಣ್ಣಿನ ಕೊಳದ ಅಂಚಿನಲ್ಲಿ ನೀರೆಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗುವುದಿಲ್ಲ, ಆ ಒದ್ದೆ ಜಾಗದಲ್ಲೇ ಹುಲ್ಲು, ಹುಳ, ಕಪ್ಪೆಗಳ ಸಂಸಾರ ನಡೆಯುವುದು. ಹಾಗಾಗಿ ಗದ್ದೆಯ ತಗ್ಗಿನಿಂದ ಜೇಡಿಮಣ್ಣು ತರಿಸಿದೆವು. ಹೆಂಟೆ ಒಡೆದು, ಬೇರು ಕಲ್ಲು ಆರಿಸಿ, ನೀರು ಚಿಮುಕಿಸಿ, ಒಂದೊಂದೇ ಪದರ ಹಾಕಿ ಕಾಲಿನಲ್ಲಿ ತುಳಿಯುವ ಕೆಲಸ ಅದು. ನಾನೂ ಸೀರೆಯ ಸೆರಗು ಬಿಗಿದು ಇಳಿದೆ. ಮೊದಲು ಹಿಮ್ಮಡಿಗೆ ಗಂಟು ಗಂಟಾಗಿ ಸಿಗುವ ಮಣ್ಣು, ತುಳಿದಂತೆಲ್ಲ ನುಣುಪಾಗಿ, ಬೆರಳ ಸಂದಿಯಿಂದ ತಣ್ಣಗೆ ಮೇಲೆದ್ದು ಬರುತ್ತದೆ. ಒಂದು ಗೇಣು ದಪ್ಪವಾದ ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆವು. “ಜೇಡಿ ಒಣಗಕ್ಕೆ ಬಿಡಬ್ಯಾಡಿ ಅಮ್ಮಾ, ಒಂದ್ಸಲ ಬಿರುಕು ಬಿಟ್ರೆ ಆಮೇಲೆ ಎಷ್ಟು ತುಳಿದ್ರೂ ಕೂಡಲ್ಲ” ಎಂದು ಹಿರಿಯರು ಹೋಗುವಾಗ ಎಚ್ಚರಿಸಿದ್ದರು. ರೋಹಿಣಿ ಮಳೆ ಸ್ವಲ್ಪ ಕೈಹಿಡಿಯಿತು. ಮಳೆ ಬಾರದ ದಿನ ನಾನೇ ಕೊಡದಲ್ಲಿ ನೀರು ಹೊತ್ತು ಹಾಕಿದೆ.

ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆಯಲ್ಲಿ ಇಷ್ಟು ಸಣ್ಣ ಕೊಳ ತುಂಬಲು ಪಂಪು ಬೇಕಿಲ್ಲ. ಇದರಲ್ಲಿ ಹಿಡಿಯುವುದು ಅಂದಾಜು 20–25 ಸಾವಿರ ಲೀಟರ್. ಆರಿದ್ರೆ ಹಿಡಿದುಕೊಂಡ ಮೇಲೆ ಕೊಳ ತಾನಾಗಿ ತುಂಬಿ ಕೋಡಿ ಬಿದ್ದಿತು. ತುಂಬಿದ ನೀರು ಮೊದಲು ಕೆಂಪಾಗಿತ್ತು, ಮಣ್ಣು ತಳಕ್ಕಿಳಿದ ಮೇಲೆ ತಿಳಿಯಾಯಿತು, ಮಳೆ ಬಿಡುವು ಕೊಟ್ಟು ಬಿಸಿಲು ಬಿದ್ದೊಡನೆ ದಟ್ಟ ಹಸಿರಾಯಿತು. ಹೊಸ ಕೊಳ ಮಾಡಿಸಿದ ಬಹಳ ಜನ ಈ ಹಂತದಲ್ಲೇ ಬೇಸತ್ತು ಔಷಧಿ ಸುರಿಯುತ್ತಾರೆ, ಇಲ್ಲವೆ ನೀರೆಲ್ಲ ಹೊರಗೆ ಹಾಕುತ್ತಾರೆ. ಹೊಸ ಮಣ್ಣಿನ ಸಾರ ನೀರಿಗೆ ಬಿಟ್ಟು, ಬಿಸಿಲು ನೇರವಾಗಿ ತಳ ಮುಟ್ಟುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಹೆಚ್ಚುವುದು ಸಹಜ. ನೀರು ಬದಲಿಸಿದರೆ ಅದೇ ಕಥೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆ ಸಾರವನ್ನು ಹೀರುವ ಗಿಡ ಬೆಳೆಯಬೇಕು, ಪಾಚಿಯನ್ನು ತಿನ್ನುವ ನೀರುಚಿಗಟಗಳು ಹೆಚ್ಚಬೇಕು, ಎಲೆಗಳು ನೀರಿನ ಮೇಲ್ಮೈಯ ಅರ್ಧದಷ್ಟನ್ನಾದರೂ ಮುಚ್ಚಬೇಕು. ಆಮೇಲೆ ನೀರು ತನ್ನಷ್ಟಕ್ಕೆ ತಿಳಿಯಾಗುತ್ತದೆ. ನಾನು ಕೆರೆಯ ಗೋಡು ತುಂಬಿದ ಅಗಲ ಬಾಯಿಯ ಮಣ್ಣಿನ ಪಾತ್ರೆಗಳಲ್ಲಿ ಎರಡು ಬಗೆಯ ನೈದಿಲೆಯ ಗೆಡ್ಡೆ ನೆಟ್ಟು ಎರಡಡಿಯ ಅಂಚಿನಲ್ಲಿ ಇಳಿಸಿದೆ. ಜೊಂಡನ್ನೂ ಅಂತರಗಂಗೆಯನ್ನೂ ಹತ್ತಿರ ಸೇರಿಸಲಿಲ್ಲ, ಏಕೆಂದರೆ ಇಷ್ಟು ಸಣ್ಣ ನೀರನ್ನು ಅವು ಒಂದೇ ಮಳೆಗಾಲದಲ್ಲಿ ಪೂರ್ತಿ ಮುಚ್ಚಿಬಿಡಬಲ್ಲವು. ಗೌರಿ ಹಬ್ಬದ ಸುಮಾರಿಗೆ ನೀರಿನಲ್ಲಿ ಕೈ ಮುಳುಗಿಸಿದರೆ ಬೆರಳ ಉಗುರು ಕಾಣುವಷ್ಟು ತಿಳಿಯಾಯಿತು.

ಸೊಳ್ಳೆಯ ಮಾತು ಬಂದೇ ಬಂತು. ನಿಂತ ನೀರೆಂದರೆ ಸೊಳ್ಳೆ ಎಂದು ಎಲ್ಲರೂ ಹೆದರುವುದು ತಪ್ಪಲ್ಲ. ಬಿಸಿ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಬಯಸುವುದು ಹಳೆ ಟೈರು, ತೆಂಗಿನ ಚಿಪ್ಪು, ಹೂಕುಂಡದ ತಟ್ಟೆ, ಮುಚ್ಚದ ಡ್ರಮ್ಮುಗಳಲ್ಲಿ ನಿಂತ ನೀರನ್ನು. ಬೇಟೆಗಾರರಿರುವ ಕೊಳದಲ್ಲಿ ಮರಿಗಳು ಉಳಿಯುವುದು ಕಷ್ಟ. ಗ್ಯಾಂಬೂಸಿಯಾ ಮೀನು ತಂದು ಬಿಡಿ ಎಂಬ ಸಲಹೆಯೂ ಬಂದಿತು. 1928ರಲ್ಲಿ ಭಾರತಕ್ಕೆ ತಂದ, ಮೂಲತಃ ಅಮೆರಿಕದ ಈ ಮೀನು ಸೊಳ್ಳೆಯ ಮರಿಗಳ ಜೊತೆಗೆ ಕಪ್ಪೆಯ ಮೊಟ್ಟೆ, ಗೊದಮೊಟ್ಟೆಗಳನ್ನೂ ಬೇರೆ ಮೀನುಗಳ ಮರಿಗಳನ್ನೂ ಬಿಡದೆ ತಿನ್ನುತ್ತದೆ, ಮತ್ತು ಕೋಡಿ ಬಿದ್ದ ನೀರಿನೊಡನೆ ಹೊಳೆಗೂ ಇಳಿಯುತ್ತದೆ. ಅದರ ಬದಲು ತೋಟದ ಕಾಲುವೆಯಲ್ಲೇ ಇರುವ, ನೆತ್ತಿಯ ಮೇಲೆ ಬೆಳ್ಳಿ ಬಣ್ಣದ ಚುಕ್ಕೆಯುಳ್ಳ ಪುಟ್ಟ ಮೀನುಗಳನ್ನು ಕೆಲವೇ ಕೆಲವು ಹಿಡಿದು ಬಿಟ್ಟೆ. ಅವು ನೀರಿನ ಮೇಲ್ಮೈಗೆ ಅಂಟಿಕೊಂಡೇ ಸುತ್ತುತ್ತವೆ, ಸೊಳ್ಳೆಯ ಮರಿ ಉಸಿರಾಡಲು ಬರುವುದೂ ಅಲ್ಲಿಗೇ. ಏರೋಪ್ಲೇನ್ ಚಿಟ್ಟೆಗಳು ಯಾರೂ ಕರೆಯದೆ ಬಂದು ಮೊಟ್ಟೆಯಿಟ್ಟವು. ಅವುಗಳ ಮರಿಗಳು ನೀರಿನೊಳಗೇ ಬೆಳೆಯುತ್ತ ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ. ಸಂಜೆ ಕೊಳದ ಬದಿ ಕುಳಿತವರಿಗೆ ಕಚ್ಚುವ ಸೊಳ್ಳೆ, ಕೊಟ್ಟಿಗೆಯ ಬಳಿ ನಿಂತವರಿಗೆ ಕಚ್ಚುವುದಕ್ಕಿಂತ ಕಡಿಮೆಯೆಂದು ಮನೆಯವರೆಲ್ಲ ಈಗ ಒಪ್ಪುತ್ತಾರೆ.

ಕೆಲಸಗಳೆಲ್ಲ ಮುಗಿದ ಮೇಲೆ ಉಳಿದದ್ದು ಕುಳಿತುಕೊಳ್ಳುವುದು. ಇದಕ್ಕೂ ಅಭ್ಯಾಸ ಬೇಕಾಯಿತು ಎಂದರೆ ಯಾರಾದರೂ ನಂಬುವರೋ ಇಲ್ಲವೋ. ಮೊದಮೊದಲು ಕುಳಿತ ಕೂಡಲೇ ಕೈ ಏನನ್ನಾದರೂ ಹುಡುಕುತ್ತಿತ್ತು: ಒಣಗಿದ ಎಲೆ ಕೀಳುವುದು, ದಂಡೆಯ ಹುಲ್ಲು ಸವರುವುದು, ಫೋನು ತೆಗೆದು ನೋಡುವುದು. ಫೋನನ್ನು ಒಳಗೆ ಬಿಟ್ಟು ಬರುವ ಪದ್ಧತಿ ಮಾಡಿಕೊಂಡೆ, ಕತ್ತಿಯನ್ನು ಬೆಳಗಿನ ಹೊತ್ತು ಮಾತ್ರ ಹಿಡಿಯುವುದೆಂದು ನಿಶ್ಚಯಿಸಿದೆ. ಕುಳಿತುಕೊಳ್ಳುವ ಕಲ್ಲನ್ನು ನೀರಿನ ಮಟ್ಟದಿಂದ ಒಂದೂವರೆ ಅಡಿಗಿಂತ ಎತ್ತರ ಇಡಲಿಲ್ಲ. ಕುರ್ಚಿಯ ಮೇಲೆ ಕುಳಿತವರು ಕೊಳವನ್ನು ಮೇಲಿನಿಂದ ನೋಡುತ್ತಾರೆ, ತಗ್ಗಿನಲ್ಲಿ ಕುಳಿತಾಗ ನೀರಿನ ಮೇಲ್ಮೈ ಕಣ್ಣಿಗೆ ಓರೆಯಾಗಿ ಸಿಗುತ್ತದೆ, ಅದರ ಮೇಲೆ ಆಕಾಶವೂ ಅದರ ಕೆಳಗೆ ತಳವೂ ಒಟ್ಟಿಗೆ ಕಾಣುತ್ತವೆ. ಕಣ್ಣು ಒಮ್ಮೆ ಮೋಡಕ್ಕೆ, ಒಮ್ಮೆ ಮೀನಿಗೆ ಹೋಗಿಬರುತ್ತಿರುವಾಗ ಉಸಿರು ನಿಧಾನವಾಗಿರುವುದು ಗೊತ್ತಾಗುತ್ತದೆ. ಹೆಗಲು ಸಡಿಲವಾಗಿರುವುದು ಎದ್ದು ನಿಂತ ಮೇಲೆಯೇ ತಿಳಿಯುತ್ತದೆ.

ಮಿಶಿಗನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ರೇಚಲ್ ಕ್ಯಾಪ್ಲನ್ ಮತ್ತು ಸ್ಟೀಫನ್ ಕ್ಯಾಪ್ಲನ್ 1980ರ ದಶಕದಲ್ಲಿ ಇದಕ್ಕೆ ಒಂದು ವಿವರಣೆ ಕೊಟ್ಟರು. ಲೆಕ್ಕ ಮಾಡುವಾಗ, ಓದುವಾಗ, ವಾಹನ ಓಡಿಸುವಾಗ ನಾವು ಬಲವಂತದಿಂದ ಗಮನವನ್ನು ಒಂದೆಡೆ ಹಿಡಿದಿಡುತ್ತೇವೆ, ಆ ಶಕ್ತಿ ದಣಿಯುತ್ತದೆ. ಮೋಡ, ಎಲೆ, ಹರಿಯುವ ನೀರುಗಳು ಬಲವಂತವಿಲ್ಲದೆ ಗಮನವನ್ನು ಮೆಲ್ಲಗೆ ಸೆಳೆದುಕೊಳ್ಳುವುದರಿಂದ ದಣಿದ ಶಕ್ತಿಗೆ ವಿಶ್ರಾಂತಿ ಸಿಗುತ್ತದೆ ಎನ್ನುವುದು ಅವರ ವಾದ. ಬ್ಯಾಂಕಿನಲ್ಲಿ ದಿನದ ಕೊನೆಗೆ ನಗದು ತಾಳೆಯಾಗುವವರೆಗೆ ಒಂದೊಂದು ಅಂಕಿಯನ್ನೂ ಹಿಡಿದು ನೋಡುತ್ತಿದ್ದ ನನಗೆ ಈ ಮಾತು ಪೂರ್ತಿ ಅರ್ಥವಾಗುತ್ತದೆ. ಮನೆಗೆ ಬಂದು ಟಿವಿ ನೋಡಿದರೂ ಆ ದಣಿವು ಇಳಿಯುತ್ತಿರಲಿಲ್ಲ, ಏಕೆಂದರೆ ಟಿವಿಯೂ ತನ್ನನ್ನೇ ನೋಡೆಂದು ಒತ್ತಾಯ ಮಾಡುತ್ತದೆ. ಕೊಳಕ್ಕೆ ಅಂಥ ಒತ್ತಾಯವಿಲ್ಲ. ನೋಡುತ್ತ ನೋಡುತ್ತ ಬೇರೆ ಏನನ್ನೋ ಯೋಚಿಸಬಹುದು, ಯೋಚನೆ ಮುಗಿದಾಗ ಕಣ್ಣು ಮತ್ತೆ ನೀರಿಗೆ ಬರುತ್ತದೆ.

ನಾನು ಅತಿ ಹೆಚ್ಚು ಹೊತ್ತು ನೋಡಿದ್ದು ನೀರಿನ ಮೇಲೆ ಓಡಾಡುವ ಸಣಕಲು ಕಾಲಿನ ಕೀಟಗಳನ್ನು. ಅವುಗಳ ಕಾಲು ನೂಲಿಗಿಂತ ತೆಳ್ಳಗೆ, ಆದರೆ ಬಿಸಿಲಿರುವಾಗ ತಳದಲ್ಲಿ ಬೀಳುವ ನೆರಳು ಮಾತ್ರ ಹಳೆಯ ಪೈಸೆಯ ಬಿಲ್ಲೆಗಳನ್ನು ಜೋಡಿಸಿಟ್ಟಂತೆ ಗುಂಡಗಿರುತ್ತದೆ, ಪ್ರತಿ ನೆರಳಿನ ಸುತ್ತ ಒಂದು ಬೆಳಕಿನ ಅಂಚೂ ಇರುತ್ತದೆ. ಕೀಟ ನೀರಿನಲ್ಲಿ ಮುಳುಗುವುದಿಲ್ಲ, ಅದರ ಭಾರಕ್ಕೆ ನೀರಿನ ಮೇಲ್ಮೈ ಕಾಲೂರಿದ ಕಡೆಯಲ್ಲೆಲ್ಲ ಸ್ವಲ್ಪ ಕುಳಿ ಬೀಳುತ್ತದೆ. ಆ ಕುಳಿಯೇ ಬಿಸಿಲನ್ನು ಬದಿಗೆ ಬಾಗಿಸಿ ಅಷ್ಟು ದೊಡ್ಡ ನೆರಳನ್ನು ಮಾಡುತ್ತದೆ. ಇದು ತಿಳಿದ ಮೇಲೆ ನಾನು ಕೀಟವನ್ನು ನೋಡುವುದು ಬಿಟ್ಟು ತಳದ ನೆರಳುಗಳನ್ನೇ ನೋಡುತ್ತಿದ್ದೆ. ಕೀಟ ಒಂದು ಸಲ ಕಾಲು ಒದೆದರೆ ನೆರಳುಗಳೆಲ್ಲ ಒಟ್ಟಿಗೆ ಜಾರಿ, ಹಾಸಿದ ಎಲೆಗಳ ಮೇಲೆ ಏರಿಳಿದು, ಮತ್ತೆ ಒಂದು ಕಡೆ ನಿಲ್ಲುತ್ತವೆ.

ಹೊತ್ತಿನ ಲೆಕ್ಕ ಕೊಡುವ ಕೆಲಸವನ್ನು ನೈದಿಲೆಗಳು ವಹಿಸಿಕೊಂಡವು. ಕೆಂಪು ನೈದಿಲೆ ಮುಸ್ಸಂಜೆಗೆ ಅರಳಿ ರಾತ್ರಿಯಿಡೀ ತೆರೆದಿದ್ದು ಮರುದಿನ ಬಿಸಿಲೇರುವಾಗ ಮುಚ್ಚುತ್ತದೆ. ನೀಲಿಯದು ಬೆಳಿಗ್ಗೆ ತೆರೆದು ಮಧ್ಯಾಹ್ನದ ಮೇಲೆ ಮುಚ್ಚುತ್ತದೆ. ಬೆಳಗಿನ ತಿಂಡಿಯ ಸುಮಾರಿಗೆ ಸ್ವಲ್ಪ ಹೊತ್ತು ಎರಡೂ ತೆರೆದಿರುತ್ತವೆ. ದೋಸೆ ಎರೆಯುವುದು ನನ್ನ ಸರದಿಯಲ್ಲದ ದಿನ ನಾನು ಆ ಹೊತ್ತಿಗೆ ಕಾಫಿಯ ಲೋಟ ಹಿಡಿದು ಅಲ್ಲಿರುತ್ತೇನೆ. ನಾಲ್ಕೈದು ದಿನ ಅರಳಿ ಮುಚ್ಚಿದ ಮೇಲೆ ಹೂವಿನ ದಂಟು ಬಾಗಿ ನೀರಿನೊಳಗೆ ಇಳಿಯುತ್ತದೆ, ಕಾಯಿ ಮಾಗುವುದು ಅಲ್ಲಿಯೇ. ಇದನ್ನು ಮೊದಲ ಸಲ ಕಂಡಾಗ ಅತ್ತೆಯನ್ನು ಕರೆದು ತೋರಿಸಿದೆ. ಅವರು ಬಂದವರು ಕುಳಿತೇ ಬಿಟ್ಟರು. ಮರುದಿನದಿಂದ ಅಬ್ಬಲಿಗೆ ಹೂವಿನ ಬುಟ್ಟಿ, ಬಾಳೆನಾರುಗಳನ್ನು ತೆಗೆದುಕೊಂಡು ಮಾಲೆ ಕಟ್ಟಲು ಕೊಳದ ಬದಿಗೇ ಬರತೊಡಗಿದರು. ಮಾತನಾಡದೆ ಒಂದು ಗಳಿಗೆಯೂ ಇರದ ಅವರು ಅಲ್ಲಿ ಮಾಲೆ ಮುಗಿಯುವವರೆಗೂ ಸುಮ್ಮನಿರುವುದು ನಮ್ಮ ಮನೆಯವರಿಗೆಲ್ಲ ಸೋಜಿಗ.

ಎರಡನೆಯ ಮಳೆಗಾಲದಲ್ಲಿ ಹಾರುಗಪ್ಪೆಗಳು ಬಂದವು. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಈ ಹಸಿರು ಕಪ್ಪೆಯ ಬೆರಳುಗಳ ನಡುವಿನ ಪೊರೆ ಕಿತ್ತಳೆ ಕೆಂಪಗಿರುತ್ತದೆ, ಮರದಿಂದ ಮರಕ್ಕೆ ತೇಲುವಾಗ ಅದನ್ನೇ ಅಗಲಿಸುತ್ತದೆ. ರಾತ್ರಿ ಊಟವಾದ ಮೇಲೆ ಟಾರ್ಚು ಹಿಡಿದು ಹೋದಾಗ, ನೀರಿನ ಮೇಲೆ ಚಾಚಿಕೊಂಡ ದಾಸವಾಳದ ಕೊಂಬೆಯಲ್ಲಿ ಒಂದು ಜೋಡಿ ಕುಳಿತಿತ್ತು. ಹೆಣ್ಣು ತನ್ನ ಹಿಂಗಾಲುಗಳಿಂದ ಮೈಯಿಂದ ಬಂದ ದ್ರವವನ್ನು ಕಡೆಯುತ್ತಿತ್ತು, ಗಂಡು ಅದರ ಬೆನ್ನ ಮೇಲೆಯೇ ಇತ್ತು. ಕಡೆದಂತೆಲ್ಲ ಬಿಳಿಯ ನೊರೆ ಉಬ್ಬಿ ಕಪ್ಪೆಗಳ ಹಿಂಭಾಗವೇ ಕಾಣದಂತಾಯಿತು. ಕೊನೆಗೆ ಕಾಲಿನಿಂದಲೇ ಅಕ್ಕಪಕ್ಕದ ಎಲೆಗಳನ್ನು ಎಳೆದು ನೊರೆಗೆ ಒತ್ತಿತು. ಟಾರ್ಚಿನ ಬೆಳಕನ್ನು ನೇರ ಬಿಡದೆ ಬದಿಗೆ ಹಿಡಿದು, ಕೊಡೆಯ ಮೇಲೆ ಮಳೆ ಹೊಯ್ಯುತ್ತಿದ್ದರೂ ನಾನು ಅಲ್ಲಿಂದ ಕದಲಲಿಲ್ಲ. ನೊರೆಯ ಹೊರಮೈ ಒಣಗಿ ಕೆನೆ ಬಣ್ಣಕ್ಕೆ ತಿರುಗಿ, ಒಳಗಿನ ಮೊಟ್ಟೆಗಳು ಸುಮಾರು ಒಂದು ವಾರ ಅದರಲ್ಲೇ ಸುರಕ್ಷಿತವಾಗಿದ್ದವು. ಆಮೇಲೆ ಜೋರು ಮಳೆಯ ಒಂದು ಮಧ್ಯಾಹ್ನ ನೊರೆ ಕರಗಿ, ಗೊದಮೊಟ್ಟೆಗಳು ಒಂದೊಂದಾಗಿ ನೇರ ಕೊಳಕ್ಕೆ ಉದುರಿದವು. ಮೀನುಗಳ ಸಂಖ್ಯೆ ಕಡಿಮೆ ಇಟ್ಟಿದ್ದು ಇದಕ್ಕಾಗಿಯೇ ಎಂದು ನನಗೆ ಅಂದು ಬಹಳ ಸಂತೋಷವಾಯಿತು.

ಕಪ್ಪೆ ಬಂದಲ್ಲಿಗೆ ನೀರೊಳ್ಳೆ ಹಾವೂ ಬರುತ್ತದೆ. ಅದಕ್ಕೆ ವಿಷವಿಲ್ಲ, ಆದರೂ ತುಳಿದರೆ ಕಚ್ಚದೆ ಬಿಡುವುದಿಲ್ಲ, ಆದ್ದರಿಂದ ದಂಡೆಯ ಒಂದು ಬದಿಯ ಹುಲ್ಲನ್ನು ಸದಾ ಗಿಡ್ಡವಾಗಿ ಇಟ್ಟುಕೊಂಡು ಓಡಾಡುವ ದಾರಿ ಮಾಡಿದ್ದೇನೆ. ಹುಂಡುಕೋಳಿ ಬೆಳಗಿನ ಜಾವ ಬಜೆಯ ಸಾಲಿನಿಂದ ಇಣುಕುತ್ತದೆ. ಮಿಂಚುಳ್ಳಿಗೆ ಕೂರಲೆಂದು ನೆಟ್ಟ ಬಿದಿರಿನ ಗಳುವಿನ ಮೇಲೆ ಅದು ಇನ್ನೂ ಮನಸ್ಸಾದಾಗ ಮಾತ್ರ ಕೂರುತ್ತದೆ. ಮಳೆ ಹಿಂದೆ ಸರಿಯುವ ಕಾಲದಲ್ಲಿ ಹಳದಿ ಛಾಯೆಯ ಏರೋಪ್ಲೇನ್ ಚಿಟ್ಟೆಗಳು ಅಂಗಳದ ಮೇಲೆ, ಕೊಳದ ಮೇಲೆ ಗುಂಪುಗುಂಪಾಗಿ ಸುತ್ತುತ್ತವೆ. ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್, ಸಿಹಿನೀರಿನ ಹೊಂಡಗಳೇ ಅಪರೂಪವಾದ ಆ ದ್ವೀಪಗಳಿಗೆ ಅಕ್ಟೋಬರಿನಿಂದ ಇವು ಲಕ್ಷಗಟ್ಟಲೆ ಬಂದಿಳಿಯುವುದನ್ನು ವರ್ಷಗಟ್ಟಲೆ ದಾಖಲಿಸಿ, ಇವು ಭಾರತದಿಂದ ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾಕ್ಕೆ ಹೋಗುತ್ತವೆಂದು 2009ರಲ್ಲಿ ಪ್ರತಿಪಾದಿಸಿದರು. ಹೋಗಿಬರುವ ಈ ಸುತ್ತನ್ನು ಒಂದೇ ಚಿಟ್ಟೆ ಮುಗಿಸುವುದಿಲ್ಲ, ದಾರಿಯ ಮಳೆನೀರಿನಲ್ಲಿ ಮೊಟ್ಟೆಯಿಟ್ಟು ಕೆಲವು ತಲೆಮಾರುಗಳಲ್ಲಿ ಮುಗಿಸುತ್ತವೆ. ನಮ್ಮ ಹಿತ್ತಿಲಿನ ನೀರಿಗೆ ಬಾಲ ಅದ್ದಿ ಅದ್ದಿ ಹಾರುವ ಇವುಗಳನ್ನು ನೋಡುವಾಗ, ನಾನು ಕುಳಿತಲ್ಲಿಂದ ಏಳದೆಯೇ ಬಹಳ ದೂರ ಯೋಚಿಸುತ್ತೇನೆ.

ಬೇಸಿಗೆಯಲ್ಲಿ ಕೊಳ ಬೇರೆಯೇ ಆಗುತ್ತದೆ. ಏಪ್ರಿಲಿನ ಬಿಸಿಲಿಗೆ ದಿನಕ್ಕೆ ಅರ್ಧ ಸೆಂಟಿಮೀಟರಿನಷ್ಟು ನೀರು ಆವಿಯಾಗಿ, ಜೇಡಿಯಲ್ಲಿ ಸ್ವಲ್ಪ ಇಂಗಿ, ಮೇಲಿನ ಅಂಚು ಒಣಗಿ ಕಾಣುತ್ತದೆ. ಅದು ಬಿರುಕು ಬಿಡದಂತೆ ಬಾಳೆಯ ಒಣಗಿದ ಎಲೆ ಹೊದಿಸಿ ನೀರು ಚಿಮುಕಿಸುತ್ತೇನೆ. ಬಾವಿಯಲ್ಲಿ ನೀರು ಕಡಿಮೆಯಿರುವ ಕಾಲವಾದ್ದರಿಂದ ಕೊಳ ತುಂಬಿಸಲು ಪಂಪು ಹಾಕುವುದಿಲ್ಲ. ಇದೇ ಸಮಯದಲ್ಲಿ ತಳದ ಗೋಡನ್ನು ಒಂದಷ್ಟು ಎತ್ತಿ ಅಡಿಕೆ ಮರಗಳ ಬುಡಕ್ಕೆ ಹಾಕಿಸುತ್ತೇನೆ. ಪೂರ್ತಿ ಎತ್ತಿಸುವುದಿಲ್ಲ, ಏಕೆಂದರೆ ಏರೋಪ್ಲೇನ್ ಚಿಟ್ಟೆಯ ಮರಿಗಳು ಆ ಕೆಸರಿನಲ್ಲೇ ಇರುತ್ತವೆ. ನೀರು ಇಳಿದಾಗ ಜೇನುಹುಳಗಳು ಒದ್ದೆ ಮಣ್ಣಿಗೆ ಸಾಲುಗಟ್ಟಿ ಬರುತ್ತವೆ. ಮಳೆಗಾಲದ ಸಂಭ್ರಮ ಇಲ್ಲದಿದ್ದರೂ ಸೆಖೆಯ ಸಂಜೆ ಆ ಕಲ್ಲಿನ ಮೇಲೆ ಕುಳಿತಾಗ ಸಿಗುವ ತಂಪು ಮನೆಯ ಫ್ಯಾನಿನ ಕೆಳಗೆ ಸಿಗುವುದಿಲ್ಲ.

ಈ ವರ್ಷ ಪಕ್ಕದ ಮನೆಯವರೂ ಒಂದು ಕೊಳ ಮಾಡಿಸುತ್ತಿದ್ದಾರೆ. ಹಗಲಿಡೀ ಕಂಪ್ಯೂಟರಿನ ಮುಂದೆ ಕೂರುವ ಅವರ ಮಗ ಬೆಂಗಳೂರಿನಿಂದ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಾನೆ, ಸಂಜೆ ನಮ್ಮ ಹಿತ್ತಿಲಿಗೆ ಬಂದು ಕುಳಿತು ಹೋಗುವುದು ಅವನಿಗೆ ರೂಢಿಯಾಗಿತ್ತು. “ಚಿಕ್ಕಮ್ಮಾ, ನಿಮ್ಮ ಲೆವೆಲ್ ಪೈಪು ತಗೊಂಡು ಒಂದ್ಸಲ ಬನ್ನಿ” ಎಂದು ಕರೆದ. ಅವರು ಗುರುತು ಮಾಡಿದ್ದ ಜಾಗ ಕೊಟ್ಟಿಗೆಯ ಇಳಿಜಾರಿನಲ್ಲಿತ್ತು, ಅದನ್ನು ಬಿಡಿಸಿ ಹಿಂಬಾಗಿಲಿನ ಬಲಕ್ಕೆ, ನುಗ್ಗೆ ಮರದಿಂದ ಸ್ವಲ್ಪ ಆಚೆಗೆ ಗೂಟ ಹೊಡೆಸಿದೆವು. ನಮ್ಮದನ್ನು ತೋಡಿದ ಹಿರಿಯರೇ ಅಲ್ಲಿಯೂ ಕೆಲಸಕ್ಕೆ ಒಪ್ಪಿದ್ದಾರೆ. ಆರಿದ್ರೆಗೆ ಮುಂಚೆ ಜೇಡಿ ತುಳಿದು ಮುಗಿದರೆ ನಮ್ಮ ಕೆಂಪು ನೈದಿಲೆಯ ಗೆಡ್ಡೆಗಳನ್ನು ಬಿಡಿಸಿ ಅವರಿಗೆ ಕೊಡಬೇಕೆಂದು ಅತ್ತೆ ಈಗಾಗಲೇ ಪಾತ್ರೆ ಹುಡುಕಿಟ್ಟಿದ್ದಾರೆ.